ಹೆಬ್ಬಾರರು ಯಾಕೆ ನೋಟ್‌ಬುಕ್ಕಿನ ಮೇಲಿಲ್ಲ?

ಮಣಿಪಾಲದ ಟೈಗರ್ ಸರ್ಕಲ್ಲಿನ ಆಸುಪಾಸು ಒಂದು ಸುತ್ತು ಹಾಕಿ, ಯಾವುದಾದರೂ ಸ್ಟೇಷನರಿ ಅಂಗಡಿಗೆ ನುಗ್ಗಿ ನೋಡಿ. ‘ಜರ್ನಲ್’ ಎಂಬ ದುಬಾರಿ ನೋಟ್‌ಬುಕ್ಕು ಕಣ್ಣಿಗೆ ಬೀಳುತ್ತದೆ. ಕಟ್ಟಲು ಇಲಾಸ್ಟಿಕ್ಕು, ಒಳಗೆ ಗೆರೆಯಿಲ್ಲದ ಕೆನೆಬಣ್ಣದ ಹಾಳೆ, ರಟ್ಟಿನ ಮೇಲೆ ಕ್ಲೋದ್ ಮೋನೆ. ಹೆಚ್ಚಾಗಿ ಅವನ ನೈದಿಲೆಗಳು. ಇಲ್ಲವಾದರೆ ‘ಇಂಪ್ರೆಷನ್, ಸನ್‌ರೈಸ್’. ಕೊಂಡವರಲ್ಲಿ ಎಷ್ಟು ಮಂದಿ ಮೂರನೆಯ ಪುಟ ದಾಟುತ್ತಾರೋ ಕೇಳಬೇಡಿ. ಅಷ್ಟು ಚಂದದ ಪುಸ್ತಕದಲ್ಲಿ ಕೆಟ್ಟ ಅಕ್ಷರ ಬರೆಯಲು ಕೈ ಬರುವುದಿಲ್ಲವಂತೆ.

ನನ್ನ ಜಗಳ ಮೋನೆಯ ಜೊತೆಗಲ್ಲ. ಆ ಸೂರ್ಯೋದಯವನ್ನು ಒಮ್ಮೆ ಸರಿಯಾಗಿ ನೋಡಿ: ಅದು ಲ ಆವ್ರ್ ಎಂಬ ದುಡಿಯುವ ಬಂದರು. ಮಂಜಿನ ಹಿಂದೆ ಇರುವುದು ಕ್ರೇನು, ಹಡಗಿನ ಕಂಬ, ಚಿಮಣಿಯ ಹೊಗೆ. 1874ರ ಪ್ರದರ್ಶನದಲ್ಲಿ ಅದನ್ನು ಕಂಡ ವಿಮರ್ಶಕ ಲೂಯಿ ಲೆರ್ವಾ, ಗೋಡೆಗೆ ಹಚ್ಚುವ ಅರೆಬರೆ ಕಾಗದವೂ ಇದಕ್ಕಿಂತ ವಾಸಿ ಎಂದು ಗೇಲಿ ಮಾಡಿದ್ದ. ‘ಇಂಪ್ರೆಷನಿಸ್ಟ್’ ಎಂಬ ಹೆಸರು ಅಂಟಿದ್ದು ಆ ಗೇಲಿಯಿಂದಲೇ. ಅಂದರೆ ತನ್ನ ಕಿಟಕಿಯಾಚೆಯ ಹೊಗೆ, ಕೆಸರು, ಕೆಲಸಗಳನ್ನು ನೋಡಲು ಒಬ್ಬನಿಗೆ ನಾಚಿಕೆಯಾಗಲಿಲ್ಲ. ಆ ಚಿತ್ರದ ಜೀವ ಇರುವುದೇ ಅಲ್ಲಿ. ಮಲ್ಪೆ ಬಂದರಿನಲ್ಲಿ ಮೂಗು ಮುಚ್ಚಿಕೊಂಡು ನಡೆಯುವ ನಾವು, ಕಾಪು ದೀಪಸ್ತಂಭದ ಫೋಟೋದಲ್ಲಿ ಯಲ್ಲೂರಿನ ವಿದ್ಯುತ್ ಸ್ಥಾವರದ ಚಿಮಣಿ ಬಾರದಂತೆ ಕ್ಯಾಮರಾ ತಿರುಗಿಸುವ ನಾವು, ಅದೇ ದೃಶ್ಯ ಫ್ರಾನ್ಸಿನಿಂದ ಬಂದರೆ ‘ಏಸ್ತೆಟಿಕ್’ ಎನ್ನುತ್ತೇವೆ. (ನಮ್ಮ ಕಡಲಲ್ಲಿ ಸೂರ್ಯ ಮುಳುಗುತ್ತಾನೆಯೇ ಹೊರತು ಹುಟ್ಟುವುದಿಲ್ಲ. ಆ ಮಾತು ಬೇರೆ.)

ಇನ್ನು ಕೆ.ಕೆ. ಹೆಬ್ಬಾರ್. 1911ರಲ್ಲಿ ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ಮುಂಬಯಿಯ ಜೆ.ಜೆ. ಸ್ಕೂಲಿನಲ್ಲಿ ಕಲಿತು, ಪ್ಯಾರಿಸ್ಸಿಗೂ ಹೋಗಿ ಅಕಾಡೆಮಿ ಜೂಲಿಯನ್‌ನಲ್ಲಿ ಅಭ್ಯಾಸ ಮಾಡಿ ಬಂದವರು. ಪದ್ಮಶ್ರೀ, ಪದ್ಮಭೂಷಣ ಎರಡೂ ಬಂದವು. ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಆದರೂ ನಾಲ್ಕು ವರ್ಷ ಇಲ್ಲಿ ಓದಿ, ಮೋನೆಯ ನೋಟ್‌ಬುಕ್ಕನ್ನು ಬಗಲಲ್ಲಿಟ್ಟುಕೊಂಡು ಓಡಾಡಿ, ಹೆಬ್ಬಾರರ ಒಂದು ಗೆರೆಯನ್ನೂ ನೋಡದೆ ರೈಲು ಹತ್ತುವವರು ಬೇಕಾದಷ್ಟು ಮಂದಿ. ಉಡುಪಿಯವರು, ಕಾರ್ಕಳದವರು ಇದರಲ್ಲಿ ಮೇಲೇನಲ್ಲ.

‘ಕಲೆಗೆ ದೇಶವಿಲ್ಲ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಇಲ್ಲದಿರಬಹುದು, ಆದರೆ ಹಕ್ಕುಸ್ವಾಮ್ಯ ಇದೆ. ಮೋನೆ 1926ರಲ್ಲಿ ತೀರಿಕೊಂಡ. ಅವನ ಚಿತ್ರ ಈಗ ಪುಕ್ಕಟೆ. ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ತನ್ನಲ್ಲಿರುವ ಮೋನೆಗಳನ್ನು ಯಾರು ಬೇಕಾದರೂ ಅಚ್ಚು ಹಾಕಿಕೊಳ್ಳಲಿ ಎಂದು ಜಾಲತಾಣದಲ್ಲೇ ಇಟ್ಟಿದೆ. ನೋಟ್‌ಬುಕ್ಕು ಮಾಡುವವನಿಗೆ ಇದಕ್ಕಿಂತ ಅಗ್ಗದ ರಸಿಕತೆ ಎಲ್ಲಿ ಸಿಕ್ಕೀತು? ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ. ನಮ್ಮ ಕಾನೂನಿನಂತೆ ಅವರ ಚಿತ್ರಗಳ ಹಕ್ಕು ಇನ್ನೂ 60 ವರ್ಷ, ಅಂದರೆ 2056ರ ಕೊನೆಯವರೆಗೆ ಉಳಿಯುತ್ತದೆ. ನಾವು ‘ಅಭಿರುಚಿ’ ಎಂದುಕೊಂಡು ಹೆಮ್ಮೆಪಡುವುದರಲ್ಲಿ ಅರ್ಧ ಪಾಲು ಈ ಲೆಕ್ಕಾಚಾರವೇ.

ಆದರೆ ಹಕ್ಕು ಇದ್ದರೆ ಅನುಮತಿ ಕೇಳಬಹುದು, ಗೌರವಧನ ಕೊಡಬಹುದು. ಅದೇನೂ ಗಗನಕುಸುಮವಲ್ಲ. ಅದರಲ್ಲೂ ಹೆಬ್ಬಾರರ ರೇಖಾಚಿತ್ರಗಳು, ಕುಣಿಯುವ ಮೈಯನ್ನು ನಾಲ್ಕೈದು ಗೆರೆಗಳಲ್ಲಿ ಹಿಡಿದಂಥವು, ನೋಟ್‌ಬುಕ್ಕಿಗೆಂದೇ ಮಾಡಿದಂತಿವೆ. ಒಂದೇ ಕಪ್ಪು ಶಾಯಿ ಸಾಕು. ಮೋನೆಯ ನೀಲಿಯನ್ನು ಅಗ್ಗದ ಅಚ್ಚಿನಲ್ಲಿ ರಾಡಿ ಮಾಡುವ ಪಾಪವೂ ತಪ್ಪುತ್ತದೆ. ಜಿಲ್ಲೆಯ ಒಂದೊಂದು ಕಾಲೇಜೂ ವರ್ಷವರ್ಷ ತನ್ನ ಲಾಂಛನ ಒತ್ತಿದ ಡೈರಿ, ನೋಟ್‌ಬುಕ್ಕು ಅಚ್ಚು ಹಾಕಿಸುತ್ತದೆ. ಪ್ರಾಂಶುಪಾಲರ ಫೋಟೋ ಹಾಕುವ ಜಾಗಕ್ಕೆ ಒಂದು ರೇಖೆ ಬರಲಿ ಎಂದು ವಿದ್ಯಾರ್ಥಿಗಳೇ ಅರ್ಜಿ ಕೊಡಬಾರದೇಕೆ?

ಹಕ್ಕು ತಾನಾಗಿ ತೀರಲಿ ಎಂದು ಕಾಯುವುದಾದರೆ, ಈ ವರ್ಷ ಮಣಿಪಾಲಕ್ಕೆ ಓದಲು ಬಂದ ಹುಡುಗಿಗೆ ಆಗ ಹತ್ತಿರ ಹತ್ತಿರ ಐವತ್ತಾಗಿರುತ್ತದೆ.