ಕರಿ ಕೋಟಿನ ಮೊದಲ ಮೂರು ವರ್ಷ

ಬೆಳಿಗ್ಗೆ ಹತ್ತೂವರೆ ಹನ್ನೊಂದರ ಹೊತ್ತಿಗೆ ಯಾವುದೇ ತಾಲ್ಲೂಕು ನ್ಯಾಯಾಲಯದ ಆವರಣಕ್ಕೆ ಹೋದರೂ ಜೂನಿಯರ್ ವಕೀಲರನ್ನು ಗುರುತಿಸಲು ಕಷ್ಟಪಡಬೇಕಿಲ್ಲ. ಸೀನಿಯರ್ ಕೈಯಲ್ಲಿ ಡೈರಿ, ಜೂನಿಯರ್ ತೋಳಿನಲ್ಲಿ ಹತ್ತು ಫೈಲು. ಒಂದು ಹಾಲಿನಲ್ಲಿ ಕೇಸು ಕೂಗಿದಾಗ ಎದ್ದು ನಿಂತು, ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ ಎಂದು ಪಾಸ್ ಓವರ್ ಕೇಳಬೇಕು, ಇನ್ನೊಂದಕ್ಕೆ ಓಡಿ ಮುಂದಿನ ದಿನಾಂಕ ಬರೆದುಕೊಳ್ಳಬೇಕು, ನಡುವೆ ಝೆರಾಕ್ಸ್ ಅಂಗಡಿಯ ಮುಂದೆ ಕಾಯಬೇಕು. ವಾರದ ಕೊನೆಗೆ ಬಸ್ ಚಾರ್ಜಿಗೆಂದು ಸೀನಿಯರ್ ಕೊಟ್ಟಷ್ಟೇ ಎಷ್ಟೋ ಜನರ ಗಳಿಕೆ. ಕೊಡದಿದ್ದರೆ ಕೇಳುವ ರೂಢಿಯೂ ಇಲ್ಲ. ‘ಕೆಲಸ ಕಲಿಸುತ್ತಿದ್ದೇವಲ್ಲ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ.

ಬಡವರ ಪರ ವಾದಿಸಲು ಸಿದ್ಧರಿರುವ ಕಾನೂನು ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡಬೇಕೆಂಬ ಮಾತು ಎದ್ದಾಗಲೆಲ್ಲ ಚರ್ಚೆ ಒಂದೇ ಕಡೆ ಬಂದು ನಿಲ್ಲುತ್ತದೆ. ಜನರ ದುಡ್ಡಿನಲ್ಲಿ ಓದಿ ಕಾರ್ಪೊರೇಟ್ ಕಂಪನಿಗೆ ಹೋದರೆ ಏನು ಗತಿ? ಹಾಗಾಗಿ ಬಾಂಡ್ ಬರೆಸಿಕೊಳ್ಳಿ, ವೈದ್ಯರಿಗೆ ಮಾಡಿದ ಹಾಗೆಯೇ ಮಾಡಿ ಎನ್ನುತ್ತಾರೆ. ಈ ವಾದ ತಪ್ಪು ಜಾಗಕ್ಕೆ ಕೈಹಾಕುತ್ತದೆ. ಕರ್ನಾಟಕದಲ್ಲಿ ವೈದ್ಯರ ಕಡ್ಡಾಯ ಸೇವೆಗೆ 2012ರ ಕಾಯ್ದೆ ಇದೆ ನಿಜ. ಆದರೆ ಆ ಸೇವೆಗೆ ಹೋಗುವ ವೈದ್ಯರಿಗೆ ಕೂರಲು ಆಸ್ಪತ್ರೆಯಿದೆ, ತಿಂಗಳಿಗೊಂದು ವೇತನವಿದೆ. ಪದವಿ ಮುಗಿಸಿ ಬಡ ಕಕ್ಷಿದಾರರ ಪರ ನಿಲ್ಲುತ್ತೇನೆಂದು ಬರುವ ಹುಡುಗಿಗೆ ಏನಿದೆ? ಮೇಲಿನ ಝೆರಾಕ್ಸ್ ಅಂಗಡಿಯ ಸಾಲು ಇದೆ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನೇ ನೋಡಬಹುದು. ರಾಜ್ಯ ಶಾಸನಸಭೆಯ 1986ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಅದು. ಎನ್.ಆರ್. ಮಾಧವ ಮೆನನ್ ಅದನ್ನು ಕಟ್ಟಿದ್ದು ಸಮಾಜಕ್ಕೆ ಒದಗುವ ವಕೀಲರು ಬೇಕೆಂಬ ಆಸೆಯಿಂದ. ಇಂದು ಅಲ್ಲಿ ಐದು ವರ್ಷದ ಕೋರ್ಸಿನ ಶುಲ್ಕ ವರ್ಷಕ್ಕೆ 3 ಲಕ್ಷ ರೂಪಾಯಿಗೂ ಮೇಲಿದೆ. ಅದರ ಬಾಗಿಲಿಗೆ ಬರುವ ಮೊದಲೇ ಪ್ರವೇಶ ಪರೀಕ್ಷೆಯಾದ ಸಿಎಲ್‌ಎಟಿಯ ಅರ್ಜಿಗೆ ಸಾಮಾನ್ಯ ವರ್ಗದವರು 4,000 ರೂಪಾಯಿ ಕಟ್ಟಬೇಕು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು, ಸಿಎಲ್‌ಎಟಿ ಮಾತ್ರ ಇಂಗ್ಲಿಷಿನಲ್ಲೇ ನಡೆಯುತ್ತದೆ. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿಯನ್ನು ಕನ್ನಡದಲ್ಲಿ ಪಾಟಿ ಸವಾಲಿಗೆ ಒಳಪಡಿಸಬಲ್ಲ ಮಕ್ಕಳನ್ನು ಈ ಜರಡಿ ಮೊದಲ ಸುತ್ತಿನಲ್ಲೇ ಹೊರಗಿಡುತ್ತದೆ.

ಇದನ್ನು ಮನಗಂಡೇ ಅದೇ ಶಾಲೆಯಲ್ಲಿ ಓದಿದ್ದ ಶಮ್ನಾದ್ ಬಶೀರ್ 2010ರಲ್ಲಿ ‘ಇಡಿಯಾ’ ಸಂಸ್ಥೆ ಶುರುಮಾಡಿದರು. ಹಿಂದುಳಿದ ಕುಟುಂಬಗಳ ಮಕ್ಕಳನ್ನು ಹುಡುಕುವುದು, ಪ್ರವೇಶ ಪರೀಕ್ಷೆಗೆ ತಯಾರು ಮಾಡುವುದು, ಸೀಟು ಸಿಕ್ಕಮೇಲೆ ಶುಲ್ಕಕ್ಕೂ ನೆರವು ಹೊಂದಿಸುವುದು ಅದರ ಕೆಲಸ. ದೊಡ್ಡ ಕೆಲಸವೇ. ಆದರೂ ಇಂಥ ನೆರವು ಸಿಗುವುದು ಕೆಲವರಿಗೆ. ಉಳಿದವರು ಸಾಲ ಮಾಡಿ ಓದುತ್ತಾರೆ, ಓದು ಮುಗಿದೊಡನೆ ಇಎಂಐ ಬಾಗಿಲು ತಟ್ಟುತ್ತದೆ. ಹತ್ತು ಹದಿನೈದು ಲಕ್ಷದ ಸಾಲ ತಲೆಯ ಮೇಲಿದ್ದು, ಮನೆಯವರು ದುಡಿಮೆಗೆ ಕಾದಿರುವಾಗ ಕ್ಯಾಂಪಸ್ಸಿಗೆ ಬಂದ ಕಂಪನಿಯ ಕೆಲಸ ಒಪ್ಪಿಕೊಂಡವರನ್ನು ಸ್ವಾರ್ಥಿಗಳೆಂದು ಕರೆಯುವುದು ಅನ್ಯಾಯ.

ಅಮೆರಿಕದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕಾನೂನು ಶಾಲೆ 1951ರಲ್ಲೇ ರೂಟ್–ಟಿಲ್ಡನ್ ವಿದ್ಯಾರ್ಥಿವೇತನ ಆರಂಭಿಸಿತು, ಸಾರ್ವಜನಿಕ ಸೇವೆಗೆ ಬರುವವರ ಪೂರ್ತಿ ಶುಲ್ಕ ಭರಿಸಲು. ಅಷ್ಟು ಸಾಲದೆಂದು ಆ ದೇಶಕ್ಕೂ ಗೊತ್ತಾಯಿತು. 2007ರ ಕಾನೂನಿನಂತೆ ಸರ್ಕಾರಿ ಇಲ್ಲವೇ ಲಾಭರಹಿತ ಸಂಸ್ಥೆಯಲ್ಲಿ ದುಡಿಯುತ್ತ 120 ಕಂತು ಕಟ್ಟಿದವರ ಉಳಿದ ಶಿಕ್ಷಣ ಸಾಲ ಮನ್ನಾ ಆಗುತ್ತದೆ. ನೆರವು ತರಗತಿಯಲ್ಲಿ ನಿಲ್ಲದೆ ಕೆಲಸದ ಜಾಗದವರೆಗೆ ಬಂತು ಎಂಬುದೇ ಇಲ್ಲಿ ಗಮನಿಸಬೇಕಾದದ್ದು. (ಆರಂಭದ ವರ್ಷಗಳಲ್ಲಿ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾದವು. ಆ ಎಚ್ಚರವೂ ಬೇಕು.)

ಅಷ್ಟು ದೂರ ಹೋಗುವುದೂ ಬೇಡ. ನೆರೆಯ ಆಂಧ್ರಪ್ರದೇಶ 2019ರಲ್ಲಿ ಹೊಸ ವಕೀಲರಿಗೆ ಮೂರು ವರ್ಷ ತಿಂಗಳಿಗೆ 5,000 ರೂಪಾಯಿ ಕೊಡುವ ಯೋಜನೆ ತಂದಿತು. ಜೂನಿಯರ್‌ಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿಗೆ ಕಡಿಮೆಯಿಲ್ಲದ ಸ್ಟೈಪೆಂಡ್ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು. ಆದರೆ ಅದು ಬರೀ ಸಲಹೆ. ತನ್ನ ಕಚೇರಿಯ ಬಾಡಿಗೆಗೇ ಒದ್ದಾಡುವ ತಾಲ್ಲೂಕು ಸೀನಿಯರ್ 15,000 ಎಲ್ಲಿಂದ ತರಬೇಕು? ಈ ಹೊರೆಯನ್ನು ಸರ್ಕಾರವೇ ಹೊರಬೇಕು.

ಹೊರಲು ಕಾರಣವೂ ಇದೆ. ಉಚಿತ ಕಾನೂನು ನೆರವು ಸಂವಿಧಾನದ 39ಎ ವಿಧಿ ಕೊಟ್ಟ ಮಾತು, 1976ರದ್ದು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಜಾಮೀನು ಅರ್ಜಿ ಬರೆದು, ಭದ್ರತೆ ಕೊಡುವವರನ್ನು ಹುಡುಕಿ, ಷರತ್ತು ಸಡಿಲಿಸಲು ಮತ್ತೆ ಮತ್ತೆ ಕೋರ್ಟಿಗೆ ಅಲೆಯುವ ಕೆಲಸಕ್ಕೆ ಬೇಕಾದದ್ದು ಹೆಸರಾಂತ ವಕೀಲರಲ್ಲ, ಬಿಡುವಿರುವ, ಹಸಿವಿಲ್ಲದ ಎಳೆಯ ವಕೀಲರು.

ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಪಂಗಡದ ಕಾನೂನು ಪದವೀಧರರಿಗೆ ಶಿಷ್ಯವೇತನ ಕೊಡುವ ಯೋಜನೆ ಈಗಾಗಲೇ ಇದೆ. ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ, ಅದನ್ನೇ ಹಿಗ್ಗಿಸಿ ಕಾನೂನು ನೆರವಿಗೆ ಜೋಡಿಸಬೇಕು. ಹದಿನೆಂಟು ವರ್ಷದವರಿಂದ ಬಾಂಡ್ ಬರೆಸುವ ಬದಲು, ವಕೀಲಿಕೆಯ ಸನ್ನದು ಪಡೆದು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಸರು ಬರೆಸಿದ ಯಾವ ಬಡ ಪದವೀಧರರಿಗಾದರೂ ಮೂರು ವರ್ಷ ಬದುಕುವಷ್ಟು ಹಣ ಸಿಗಲಿ, ಸೇವೆಯಲ್ಲಿ ಇರುವಷ್ಟು ಕಾಲ ಶಿಕ್ಷಣ ಸಾಲದ ಕಂತನ್ನೂ ಸರ್ಕಾರ ಕಟ್ಟಲಿ. ನಡುವೆ ಬಿಟ್ಟು ಹೋದವರಿಗೆ ಅಂದಿನಿಂದ ಹಣ ನಿಲ್ಲುತ್ತದೆ, ದಂಡ ವಸೂಲಿಯ ಪ್ರಶ್ನೆಯೇ ಬರುವುದಿಲ್ಲ.

ಸನ್ನದಿನ ಖರ್ಚನ್ನು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಕಟ್ಟಿಹಾಕಿತು: ಸಾಮಾನ್ಯರಿಗೆ 750, ಪರಿಶಿಷ್ಟರಿಗೆ 125 ರೂಪಾಯಿ. ಅದಾದ ಮೇಲೂ ಐಚ್ಛಿಕ ಎಂಬ ಹೆಸರಿನಲ್ಲಿ ಹಣ ಪಡೆಯುವುದನ್ನು ನಿಲ್ಲಿಸಿ ಎಂದು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಕೋರ್ಟು 2025ರ ಆಗಸ್ಟಿನಲ್ಲಿ ಹೇಳಬೇಕಾಯಿತು. ಶಿಷ್ಯವೇತನಕ್ಕೂ ಇಂಥ ಅಡ್ಡದಾರಿಗಳು ಹುಟ್ಟದಂತೆ ನಿಯಮವನ್ನು ಮೊದಲೇ ಬಿಗಿಯಾಗಿ ಬರೆಯಬೇಕು. ಹಣ ತಿಂಗಳ ಮೊದಲ ವಾರ ನೇರ ಜೂನಿಯರ್ ಖಾತೆಗೆ ಬೀಳಲಿ. ಸೀನಿಯರ್ ಸಹಿಗಾಗಿ ಕಾಯಿಸುವುದು ಬೇಡ. ಕೆಲಸಕ್ಕೆ ಪುರಾವೆಯಾಗಿ ಜೈಲು ಭೇಟಿಯ ಪುಸ್ತಕ ಮತ್ತು ಹಾಕಿದ ಜಾಮೀನು ಅರ್ಜಿಗಳ ಸಂಖ್ಯೆ ಸಾಕು.