ಅಕ್ಕನಿಗೆ ಆ ಪುಟ ಕನ್ನಡದಲ್ಲಿ ಸಿಗಲಿ

ದೀಪಾವಳಿ ರಜೆಗೆ ಹಂಸಭಾವಿಗೆ ಹೋಗಿದ್ದಾಗ ದೊಡ್ಡಪ್ಪನ ಮಗಳು ಅಕ್ಕ ಮೊಬೈಲ್ ಹಿಡಿದುಕೊಂಡು ನನ್ನನ್ನು ಹಿತ್ತಲಿಗೆ ಕರೆದಳು. ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ ಕರಪತ್ರದ ಫೋಟೊ. ‘ಮಕ್ಕಳಿಲ್ಲದವರಿಗೆ ಹೊಸ ಸಂಶೋಧನಾ ಚಿಕಿತ್ಸೆ. ಕೆಲವೇ ದಂಪತಿಗಳಿಗೆ ಅವಕಾಶ. ಹೆಸರು ನೋಂದಣಿಗೆ ಐದು ಸಾವಿರ ರೂಪಾಯಿ’ ಎಂದಿತ್ತು.

‘ನೀ ಇಂಜಿನಿಯರಿಂಗ್ ಓದಾಕತ್ತೀಯಲ್ಲೋ ತಮ್ಮಾ, ಇದು ಖರೇನೋ ಸುಳ್ಳೋ ನೋಡಿ ಹೇಳು. ಮನ್ಯಾಗ ಯಾರಿಗೂ ಹೇಳಬ್ಯಾಡ’ ಎಂದಳು.

ಅವಳಿಗೆ ಮದುವೆಯಾಗಿ ಆರು ವರ್ಷ. ಊರಲ್ಲಿ ಯಾರದಾದರೂ ಕುಬುಸದ ಕಾರ್ಯ ಇದ್ದರೆ ಏನಾದರೂ ನೆಪ ಹೇಳಿ ಮನೆಯಲ್ಲೇ ಉಳಿಯುತ್ತಾಳೆ. ರಾಣೆಬೆನ್ನೂರು, ದಾವಣಗೆರೆ, ಹುಬ್ಬಳ್ಳಿ ಎಂದು ತಿರುಗಿ ತಿರುಗಿ ಆಸ್ಪತ್ರೆಯ ಫೈಲು ದಪ್ಪವಾಗಿದೆ. ಎರಡು ವರ್ಷದ ಗೋವಿನಜೋಳದ ದುಡ್ಡು ಅದರೊಳಗೇ ಹೋಗಿದೆ. ಇಂಥವರಿಗೆ ‘ಹೊಸದು’ ಎಂಬ ಒಂದು ಪದ ಸಾಕು, ಮತ್ತೆ ಆಸೆ ಹುಟ್ಟುತ್ತದೆ. ಕರಪತ್ರ ಮಾಡಿದವರಿಗೂ ಅದು ಗೊತ್ತಿರುತ್ತದೆ.

ಸರ್ಕಿಟ್ ಬಿಟ್ಟರೆ ಬೇರೇನೂ ಗೊತ್ತಿಲ್ಲದ ನಾನು ಆ ರಾತ್ರಿ ಹುಡುಕುತ್ತ ಕುಳಿತಾಗ ಸಿಕ್ಕಿದ್ದು ಸಿಟಿಆರ್‌ಐ, ಅಂದರೆ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2007ರ ಜುಲೈನಲ್ಲಿ ಇದನ್ನು ಆರಂಭಿಸಿತು. 2009ರ ಜೂನ್‌ನಿಂದ ಔಷಧ ಪ್ರಯೋಗಗಳ ನೋಂದಣಿ ಕಡ್ಡಾಯವಾಯಿತು. 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಾಯಿಸಬೇಕೆಂಬ ನಿಯಮ ಬಂದಿದೆ. ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ಬಂಜೆತನ, ಪಿಸಿಒಎಸ್, ಐವಿಎಫ್ ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಹಾಕಿದರೆ ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ಏನು ಪ್ರಯೋಗ, ಯಾವ ವಯಸ್ಸಿನವರು ಸೇರಬಹುದು, ಯಾರು ಸೇರುವಂತಿಲ್ಲ, ನೈತಿಕ ಸಮಿತಿ ಒಪ್ಪಿದೆಯೇ, ಈಗ ಜನರನ್ನು ಸೇರಿಸಿಕೊಳ್ಳುತ್ತಿದ್ದಾರೆಯೇ ಎಂಬುದೆಲ್ಲ ಬರುತ್ತದೆ. ಆಯುರ್ವೇದ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳ ಅಧ್ಯಯನಗಳೂ ಅಲ್ಲಿವೆ. ಪ್ರತಿಯೊಂದಕ್ಕೂ ‘ಸಿಟಿಆರ್‌ಐ’ ಎಂದು ಶುರುವಾಗಿ ವರ್ಷ, ತಿಂಗಳು ಸೇರಿದ ಒಂದು ಸಂಖ್ಯೆ ಇರುತ್ತದೆ.

ಕರಪತ್ರದಲ್ಲಿ ಅಂಥ ಸಂಖ್ಯೆ ಇರಲಿಲ್ಲ. ಬೆಳಿಗ್ಗೆ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿ ಕೇಳಿದೆ. ‘ಅದೆಲ್ಲ ಡಾಕ್ಟರಿಗೆ ಗೊತ್ತು, ನೀವು ಮೊದಲು ದುಡ್ಡು ಹಾಕಿ’ ಎಂದರು. ಪ್ರಯೋಗದ ಸಲುವಾಗಿಯೇ ಆಗುವ ಖರ್ಚನ್ನು ರೋಗಿಯ ಮೇಲೆ ಹೊರಿಸಬಾರದು ಎಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಹೆಸರು ಬರೆಸಲಿಕ್ಕೇ ಐದು ಸಾವಿರ ಕೇಳುವವರನ್ನು ದೂರವಿಡಲು ನನಗೆ ಇಷ್ಟು ಸಾಕಾಯಿತು.

ಅಕ್ಕನಿಗೆ ವಿಷಯ ತಿಳಿಸುವಾಗ ನಡುವೆ ಅವ್ವ ಬಂದುಬಿಟ್ಟಳು. ‘ಮನುಷ್ಯಾರ ಮ್ಯಾಲೆ ಪ್ರಯೋಗ ಮಾಡ್ತಾರಂತ? ಅದೆಲ್ಲ ಬ್ಯಾಡ’ ಎಂದಳು. ಅವ್ವನ ಹೆದರಿಕೆಯನ್ನು ನಗುವಂತಿಲ್ಲ. ಅನಗತ್ಯವಾಗಿ ತಮ್ಮ ಗರ್ಭಕೋಶ ತೆಗೆದರೆಂದು ಆರೋಪಿಸಿ ರಾಣೆಬೆನ್ನೂರು ಭಾಗದ ತಾಂಡಾಗಳ ಮಹಿಳೆಯರು ವರ್ಷಗಟ್ಟಲೆ ನ್ಯಾಯ ಕೇಳಿದ್ದನ್ನು ನಮ್ಮ ಜಿಲ್ಲೆಯವರು ನೋಡಿದ್ದಾರೆ. ಆದರೂ ಪ್ರಯೋಗವೇ ಬೇಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ಹೊಸ ಹೈಬ್ರಿಡ್ ಬೀಜ ಬಂದರೆ ಟ್ರಯಲ್ ಪ್ಲಾಟ್ ಹಾಕುತ್ತಾರೆ. ಒಂದು ಪಟ್ಟಿಯಲ್ಲಿ ಹೊಸ ಬೀಜ, ಪಕ್ಕದ ಪಟ್ಟಿಯಲ್ಲಿ ಹಳೆಯದು. ಮಣ್ಣು, ನೀರು, ಗೊಬ್ಬರ ಒಂದೇ. ಹಾಗೆ ಹೋಲಿಸದೆ ಅಂಗಡಿಯವನ ಮಾತು ನಂಬಿ ಬಿತ್ತಿದವರ ಕಥೆ ಎಲ್ಲರಿಗೂ ಗೊತ್ತು. ಔಷಧದ್ದೂ ಇದೇ ಲೆಕ್ಕ. ವ್ಯತ್ಯಾಸವೆಂದರೆ ಇಲ್ಲಿ ಹೊಲದ ಜಾಗದಲ್ಲಿ ಮನುಷ್ಯರಿದ್ದಾರೆ, ಅವರನ್ನು ಕೇಳಲೇಬೇಕು.

ಕೇಳದೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಲೆಟ್ರೊಜೋಲ್ ಎಂಬ ಮಾತ್ರೆಯ ಕಥೆ ಓದಬೇಕು. ಅದು ಮುಟ್ಟು ನಿಂತ ಮಹಿಳೆಯರ ಸ್ತನ ಕ್ಯಾನ್ಸರಿಗೆಂದು ಬಂದ ಔಷಧ. ನಮ್ಮ ದೇಶದಲ್ಲಿ ಅನುಮತಿಯಿಲ್ಲದೆ ನಾನೂರಕ್ಕೂ ಹೆಚ್ಚು ಮಹಿಳೆಯರಿಗೆ ಗರ್ಭ ನಿಲ್ಲಲೆಂದು ಅದನ್ನು ಕೊಟ್ಟು ನೋಡಿದರು ಎಂಬ ಆರೋಪ 2003ರಲ್ಲಿ ದೊಡ್ಡ ಸುದ್ದಿಯಾಗಿತ್ತು. 2011ರಲ್ಲಿ ಕೇಂದ್ರ ಸರ್ಕಾರ ಬಂಜೆತನದ ಚಿಕಿತ್ಸೆಗೆ ಅದರ ಬಳಕೆಯನ್ನೇ ನಿಷೇಧಿಸಿತು. ಅತ್ತ ಅಮೆರಿಕದಲ್ಲಿ ಪಿಸಿಒಎಸ್ ಇರುವ 750 ಮಹಿಳೆಯರ ಒಪ್ಪಿಗೆ ಪಡೆದು, ಅರ್ಧ ಜನರಿಗೆ ಇದನ್ನು, ಉಳಿದವರಿಗೆ ಹಳೆಯ ಕ್ಲೋಮಿಫಿನ್ ಮಾತ್ರೆಯನ್ನು ಕೊಟ್ಟು ಹೋಲಿಸಿದರು. 2014ರಲ್ಲಿ ಫಲಿತಾಂಶ ಬಂತು. ಹಳೆಯದರಲ್ಲಿ ಶೇ 19.1ರಷ್ಟು ಮಹಿಳೆಯರಿಗೆ ಮಗು ಹುಟ್ಟಿದ್ದರೆ ಲೆಟ್ರೊಜೋಲ್‌ನಲ್ಲಿ ಶೇ 27.5. ಭಾರತದಲ್ಲಿ 2017ರಲ್ಲಿ ನಿಷೇಧ ತೆರವಾಯಿತು. ಒಳ್ಳೆಯ ಔಷಧವೇ ಆಗಿದ್ದರೂ ಅಡ್ಡದಾರಿಯಲ್ಲಿ ತಂದದ್ದರಿಂದ ಅದರ ಮೇಲಿನ ಅನುಮಾನ ತೀರಲು ಇಷ್ಟು ವರ್ಷ ಬೇಕಾಯಿತು.

ಆ ಶೇ 27.5ನ್ನು ಇನ್ನೊಮ್ಮೆ ನೋಡಿ. ಗೆದ್ದ ಔಷಧದಲ್ಲೂ ನಾಲ್ವರಲ್ಲಿ ಸುಮಾರು ಮೂವರಿಗೆ ಮಗು ಆಗಲಿಲ್ಲ. ಪ್ರಯೋಗಕ್ಕೆ ಸೇರಿದರೆ ಹೊಸ ಔಷಧವೇ ಸಿಗುತ್ತದೆ ಎಂದೂ ಇಲ್ಲ, ಚೀಟಿ ಎತ್ತಿದಂತೆ ಯಾವ ಗುಂಪಿಗೆ ಬೀಳುತ್ತೇವೋ ಅದು. ಇದನ್ನು ಮೊದಲೇ ಬಿಡಿಸಿ ಹೇಳುವ ವೈದ್ಯರು ನಂಬಿಕೆಗೆ ಯೋಗ್ಯರು. ಐವಿಎಫ್‌ಗೆ ಮುನ್ನ ಗರ್ಭಕೋಶದ ಒಳಪದರವನ್ನು ಸ್ವಲ್ಪ ಕೆರೆದರೆ ಗರ್ಭ ನಿಲ್ಲುತ್ತದೆ ಎಂದು ಎಷ್ಟೋ ಕಡೆ ಅದನ್ನು ಮಾಡುತ್ತಿದ್ದರು. 1,364 ಮಹಿಳೆಯರ ಮೇಲಿನ ಅಧ್ಯಯನ 2019ರಲ್ಲಿ ಪ್ರಕಟವಾದಾಗ ಕೆರೆದವರಲ್ಲೂ ಕೆರೆಯದವರಲ್ಲೂ ಶೇ 26.1! ಆ ನೋವು, ಆ ದುಡ್ಡು ಎಲ್ಲ ದಂಡ ಎಂದು ತಿಳಿದದ್ದೂ ಪ್ರಯೋಗದಿಂದಲೇ.

ನಮ್ಮ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಕಾಗದದ ಮೇಲಂತೂ ಗಟ್ಟಿಯಾಗಿವೆ. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಯಾವಾಗ ಬೇಕಾದರೂ ಹೊರಬರಬಹುದು. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು. ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅರ್ಧದಷ್ಟಾದರೂ ಆ ಸಂಸ್ಥೆಯ ಹೊರಗಿನವರಾಗಿರಬೇಕು.

ನನ್ನ ತಕರಾರು ಇರುವುದು ಅದಕ್ಕಿಂತ ಹಿಂದಿನ ಹೆಜ್ಜೆಯಲ್ಲಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡುತ್ತಾರೆ, ಆದರೆ ಪ್ರಯೋಗ ಎಲ್ಲಿದೆ ಎಂದು ತಿಳಿಸುವ ಪುಟ ಇಂಗ್ಲಿಷಿನಲ್ಲಿದೆ. ಅದೂ ವೈದ್ಯರ ಇಂಗ್ಲಿಷು. ಸೆಮಿಸ್ಟರ್‌ಗೆ ಐದಾರು ಇಂಗ್ಲಿಷ್ ಪುಸ್ತಕ ಓದುವ ನನಗೇ ನಾಲ್ಕು ಸಲ ಡಿಕ್ಷನರಿ ಬೇಕಾಯಿತು. ಪಿಯುಸಿ ಮುಗಿಸಿದ ಅಕ್ಕ ಅಲ್ಲಿಗೆ ತಲುಪುವುದು ಹೇಗೆ? ಅವಳಿಗೆ ತಲುಪುವುದು ಕರಪತ್ರ ಮಾತ್ರ, ಅದು ಅಚ್ಚ ಕನ್ನಡದಲ್ಲಿ ಇರುತ್ತದೆ. ಕರ್ನಾಟಕದ ಆಸ್ಪತ್ರೆಯಲ್ಲಿ ನಡೆಯುವ ಪ್ರತಿ ಪ್ರಯೋಗಕ್ಕೂ ಏನು, ಎಲ್ಲಿ, ಯಾರಿಗೆ ಎಂಬ ಹತ್ತು ಸಾಲಿನ ಕನ್ನಡ ವಿವರ ಕಡ್ಡಾಯ ಮಾಡಲಿ. ಅನುವಾದಕ್ಕೆಂದು ಸರ್ಕಾರದ್ದೇ ‘ಭಾಷಿಣಿ’ ಇದೆ. ಅದರಿಂದ ಕರಡು ತೆಗೆದು ಒಬ್ಬ ಕನ್ನಡದ ವೈದ್ಯರು ತಿದ್ದಿದರೆ ಆಯಿತು, ಇದೇನು ರಾಕೆಟ್ ಹಾರಿಸುವ ಕೆಲಸವಲ್ಲ. ಅದು ಆಗುವವರೆಗೆ ಕಂಪನಿಗಳ ಪ್ಯಾಕೇಜ್ ಎಷ್ಟು ಎಂದು ರಾತ್ರಿಯೆಲ್ಲ ಹುಡುಕುವ ನಾವು ಮನೆಯವರಿಗಾಗಿ ಒಂದು ತಾಸು ಇದನ್ನೂ ಹುಡುಕಬಹುದು.

ನಾನು ಬೆಂಗಳೂರಿನ ಒಂದು ಅಧ್ಯಯನ ಗುರುತಿಸಿ ಅದರ ಷರತ್ತುಗಳನ್ನು ನೋಟ್‌ಬುಕ್ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ವಯಸ್ಸು ಸರಿಹೊಂದಿತು, ತೂಕವೂ ಸರಿಹೊಂದಿತು. ಮೂರನೆಯದು ಗಂಡನ ವೀರ್ಯ ಪರೀಕ್ಷೆಯ ವರದಿ. ಅಕ್ಕ ಆ ದಪ್ಪ ಫೈಲನ್ನು ಎರಡು ಸಲ ತಿರುವಿ ಹಾಕಿದಳು. ಆರು ವರ್ಷದ ಕಾಗದಗಳಲ್ಲಿ ಮಾಮಾನ ಹೆಸರಿನ ಒಂದೂ ಹಾಳೆ ಇರಲಿಲ್ಲ. ನಾನು ಬರೆದುಕೊಟ್ಟದ್ದನ್ನು ಮಾಮಾ ಓದಿ, ಏನೂ ಮಾತಾಡದೆ, ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಮೊನ್ನೆ ಅಕ್ಕ ಫೋನ್ ಮಾಡಿದಾಗ ಕೇಳಿದೆ, ಹಾಳೆ ಇನ್ನೂ ಅವನ ಹತ್ತಿರವೇ ಇದೆಯಂತೆ.