ಹಾರುವ ಮೊದಲು

ವಿಮಾನಚಾಲನೆಯನ್ನೇ ಜೀವನವೃತ್ತಿಯಾಗಿಸಿಕೊಳ್ಳಬೇಕೆಂದು ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಹಂಬಲಿಸುತ್ತಾರೆ. ಅವರು ಮೊದಲು ವಿಚಾರಿಸುವುದು ಶುಲ್ಕವನ್ನು. ವಿಚಾರಿಸಬೇಕಾದುದು ತಮ್ಮ ಕಣ್ಣು, ಕಿವಿ, ಹೃದಯಗಳನ್ನು. ನಮ್ಮ ದೇಶದಲ್ಲಿ ವಾಣಿಜ್ಯ ಚಾಲಕನ ಪರವಾನಗಿಗೆ 18 ವರ್ಷ ತುಂಬಿರಬೇಕು. 200 ಗಂಟೆಗಳ ಹಾರಾಟವಾಗಿರಬೇಕು. ಪ್ರಥಮ ದರ್ಜೆಯ ವೈದ್ಯಕೀಯ ಅರ್ಹತೆಯೂ ಇರಬೇಕು. ಈ ಕೊನೆಯದು ದೊರೆಯದಿದ್ದರೆ ಹೊಲ ಮಾರಿ ಗಳಿಸಿದ ಗಂಟೆಗಳೆಲ್ಲವೂ ವ್ಯರ್ಥ. ಆದುದರಿಂದ ಮೊದಲು ವೈದ್ಯಪರೀಕ್ಷೆ, ಅನಂತರ ಹವಾಮಾನ, ಮಾರ್ಗನಿರ್ಣಯ ಮೊದಲಾದ ವಿಷಯಗಳ ಲಿಖಿತ ಪರೀಕ್ಷೆ, ಆಮೇಲೆ ಹಾರಾಟ. ಇದೇ ಯೋಗ್ಯವಾದ ಕ್ರಮವೆಂದು ನನ್ನ ಮತ. ಬಿಸಿಲೇರಿದಂತೆ ಗಾಳಿ ವಿರಳವಾಗಿ, ವಿಮಾನವು ಮೇಲೇಳಲು ಹೆಚ್ಚು ದೂರ ಓಡಬೇಕಾಗುತ್ತದೆ. ಇದರ ಕಾರಣವನ್ನು ಮೇಜಿನ ಮುಂದೆ ಅರಿತವನಿಗೆ ಆಕಾಶದ ಒಂದೊಂದು ಗಂಟೆಯೂ ಇಮ್ಮಡಿ ಫಲ ಕೊಟ್ಟೀತು. ಪರವಾನಗಿ ಬಂದೊಡನೆ ನೌಕರಿ ಬಂದಂತಲ್ಲ; ದೊಡ್ಡ ವಿಮಾನಗಳಿಗೆ ಪ್ರತ್ಯೇಕ ಶಿಕ್ಷಣವುಂಟು. ಆ ವೆಚ್ಚವನ್ನೂ ಇಂದೇ ಲೆಕ್ಕಕ್ಕೆ ಹಿಡಿಯಿರಿ.